ಕಕ್ಕಡದ ಮಳೆಯಲ್ಲಿ ಮಡಿಕೇರಿ: ಡಿಲಕ್ಸ್ ರೆಸಾರ್ಟನ್ನು ಒರೆಗೆ ಹಚ್ಚುವ ನಾಲ್ಕು ದಿನ

ಡಿಸೆಂಬರಿನಲ್ಲಿ ಕೊಡಗಿನ ಯಾವ ರೆಸಾರ್ಟಿಗೆ ಹೋದರೂ ಚೆನ್ನಾಗಿಯೇ ಇರುತ್ತದೆ. ಬಿಸಿಲು ಎಳೆಯದು, ತೋಟದಲ್ಲಿ ಕಾಫಿ ಹಣ್ಣಾಗಿರುತ್ತದೆ, ಅರ್ಧ ಆತಿಥ್ಯವನ್ನು ಹವೆಯೇ ಮಾಡಿ ಮುಗಿಸಿರುತ್ತದೆ. ರೆಸಾರ್ಟಿನ ಯೋಗ್ಯತೆ ಗೊತ್ತಾಗುವುದು ಕೊಡವರ ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಕಾಣುವ ಮಡಿಕೇರಿಯಲ್ಲಿ ಆಗ ಬಟ್ಟೆ ಒಣಗದು, ಕರೆಂಟ್ ನೆಟ್ಟಗೆ ಇರದು, ಸೋಲಾರ್ ಹೀಟರ್ ಇದ್ದೂ ಇಲ್ಲದಂತೆ. ಅಂಥ ಹೊತ್ತಿನಲ್ಲೂ ಒಂದೇ ಕೆಲಸಕ್ಕೆ ರಿಸೆಪ್ಷನ್ನಿಗೆ ಎರಡನೇ ಸಲ ಫೋನ್ ಮಾಡಬೇಕಾಗಿ ಬರದಿದ್ದರೆ ಅದು ಡಿಲಕ್ಸ್. ಕೋಣೆಯ ಬಾಗಿಲ ಮೇಲಿನ ‘ಡಿಲಕ್ಸ್’ ಹಲಗೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಆ ಹೆಸರು ಕೊಡುವವರು ಹೋಟೆಲಿನವರೇ, ಎಷ್ಟೋ ಕಡೆ ಅದು ಅವರಲ್ಲಿರುವ ಅತಿ ಅಗ್ಗದ ಕೋಣೆ.

ಈ ಕಥನ ಆಗಸ್ಟ್ 1ರಿಂದ 4ರವರೆಗಿನದು. ಬೆಂಗಳೂರಿನಿಂದ ಹೊರಟು ಮಡಿಕೇರಿಯಲ್ಲಿ ಮೂರು ರಾತ್ರಿ. ಕಾರಿನಲ್ಲಿ ಇಬ್ಬರು ಹಿರಿಯರು, ಒಂದು ಮಗು ಇದ್ದಾರೆ ಎಂದು ಇಟ್ಟುಕೊಳ್ಳೋಣ.

ಹೊರಡುವ ಹಿಂದಿನ ದಿನ

ಕೋಣೆ ಕಾದಿರಿಸಿದ ಮೇಲೂ ಒಂದು ಫೋನ್ ಬಾಕಿ ಇರುತ್ತದೆ, ಅದೂ ಬೆಂಗಳೂರಿನ ಬುಕಿಂಗ್ ಕಚೇರಿಗಲ್ಲ, ನೇರ ರೆಸಾರ್ಟಿನ ಡ್ಯೂಟಿ ಮ್ಯಾನೇಜರಿಗೆ. ಮೊದಲು ಕೇಳಬೇಕಾದದ್ದು: ಕರೆಂಟ್ ಹೋದಾಗ ಜನರೇಟರಿನ ಮೇಲೆ ಗೀಸರ್ ಓಡುತ್ತದೆಯೇ? ‘ಪವರ್ ಬ್ಯಾಕಪ್ ಇದೆ ಸರ್’ ಎಂಬ ಉತ್ತರ ಸಾಲದು. ಇಪ್ಪತ್ತು ಕಾಟೇಜುಗಳಲ್ಲಿ ತಲಾ 2 ಕಿಲೋವ್ಯಾಟಿನ ಗೀಸರ್ ಒಟ್ಟಿಗೆ ಹೊತ್ತಿದರೆ 40 ಕಿಲೋವ್ಯಾಟ್ ಬೇಕು. ಡೀಸೆಲ್ ಉಳಿಸಲು ಗೀಸರ್ ಲೈನನ್ನೇ ಜನರೇಟರಿನಿಂದ ಬಿಡಿಸಿಟ್ಟ ಕಡೆಗಳಲ್ಲಿ ದೀಪ, ಟಿ.ವಿ. ಉರಿಯುತ್ತವೆ, ಬಚ್ಚಲಲ್ಲಿ ಮಾತ್ರ ತಣ್ಣೀರು.

ಎರಡನೆಯದು, ರಿಸೆಪ್ಷನ್ನಿನಿಂದ ಕೋಣೆಗೆ ಎಷ್ಟು ಮೆಟ್ಟಿಲು? ಗುಡ್ಡದ ಇಳಿಜಾರಿನಲ್ಲಿ ಕಟ್ಟಿದ ರೆಸಾರ್ಟುಗಳಲ್ಲಿ ನಲವತ್ತು, ಅರವತ್ತು ಮೆಟ್ಟಿಲು ಸಾಮಾನ್ಯ. ಆಗಸ್ಟಿನ ಹೊತ್ತಿಗೆ ಕಲ್ಲಿನ ಮೇಲೆ ಪಾಚಿ ಕಟ್ಟಿರುತ್ತದೆ. ಹಿಡಿದುಕೊಳ್ಳಲು ಕಂಬಿ ಇಲ್ಲದಿದ್ದರೆ ಹಿರಿಯರು ಕೋಣೆ ಸೇರಿದ ಮೇಲೆ ಊಟಕ್ಕೂ ಹೊರಗೆ ಬರಲಾರರು. ಊಟದ ಹಾಲಿಗೆ ಮಾಡು ಇರುವ ದಾರಿಯಲ್ಲಿ ಹೋಗಬಹುದಾದ ಬ್ಲಾಕಿನಲ್ಲೇ ಕೋಣೆ ಕೇಳಿ.

‘ವ್ಯಾಲಿ ವ್ಯೂ’ ಕೋಣೆಗೆ ಹೆಚ್ಚುವರಿ ದುಡ್ಡು ಕೇಳಿದರೆ ಬೇಡವೆನ್ನಿ. ಆಗಸ್ಟಿನಲ್ಲಿ ಕಣಿವೆಯೆಲ್ಲ ಮಂಜು, ಹತ್ತು ಮಾರು ಆಚೆಗಿನ ಮರವೂ ಕಾಣದು. ಮೇಲಾಗಿ ಮುಂಗಾರಿನ ಗಾಳಿ ನುಗ್ಗುವುದು ಪಶ್ಚಿಮ, ನೈಋತ್ಯದ ಕಡೆಯಿಂದ. ಆ ಕಡೆ ಮುಖ ಮಾಡಿದ ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕೂರುವಂತಿಲ್ಲ, ಇರಚಲು ಕಿಟಕಿಯ ಸಂದಿಯಿಂದ ಒಳಗೂ ಬರುತ್ತದೆ. ಪೂರ್ವಕ್ಕೆ ತೆರೆಯುವ ಸಾದಾ ಕೋಣೆ ಈ ತಿಂಗಳಲ್ಲಿ ಅದಕ್ಕಿಂತ ಮೇಲು.

ಮೊದಲ ದಿನ, ಆಗಸ್ಟ್ 1

ಬೆಳಿಗ್ಗೆ ಆರಕ್ಕೆ ಬೆಂಗಳೂರು ಬಿಟ್ಟರೆ 119 ಕಿ.ಮೀ.ಗಳ ಮೈಸೂರು ಹೆದ್ದಾರಿ ಎರಡು ಗಂಟೆಯ ಒಳಗೇ ಮುಗಿಯುತ್ತದೆ. ಮೈಸೂರಿನ ಒಳಗೆ ಹೋಗದೆ ಇಲವಾಲದ ಕಡೆಗೆ ತಿರುಗಿ ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ, ಕುಶಾಲನಗರ. ಹುಣಸೂರು ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಹೊಗೆಸೊಪ್ಪಿನ ಹೊಲ, ನಡುನಡುವೆ ಸೊಪ್ಪು ಹದ ಮಾಡುವ ಬ್ಯಾರನ್ನುಗಳು. ಪೆಟ್ರೋಲ್, ನಗದು, ಮಗುವಿನ ಔಷಧಿ ಎಲ್ಲವನ್ನೂ ಕುಶಾಲನಗರದಲ್ಲೇ ಮುಗಿಸಿಕೊಳ್ಳಿ. ಅಲ್ಲಿಂದ ಸುಂಟಿಕೊಪ್ಪದ ಮೇಲೆ ಸುಮಾರು 30 ಕಿ.ಮೀ. ಏರುದಾರಿ. ಹೆಡ್‌ಲೈಟಿನ ಹೈಬೀಮ್ ಹಾಕಿದರೆ ಮಂಜು ಬೆಳಕನ್ನು ಕಣ್ಣಿಗೇ ತಿರುಗಿ ಎರಚುತ್ತದೆ, ಲೋ ಬೀಮಿನಲ್ಲೇ ನಿಧಾನಕ್ಕೆ ಹತ್ತಬೇಕು.

ತಿಂಡಿಗೆ ನಿಂತು ಬಂದರೂ ಹನ್ನೆರಡೂವರೆಗೆ ಮಡಿಕೇರಿ ಸಿಕ್ಕಿಬಿಡುತ್ತದೆ. ಕೋಣೆ ಸಿಗುವುದು ಎರಡಕ್ಕೆ. ಇದರಲ್ಲಿ ರೆಸಾರ್ಟಿನವರ ತಪ್ಪಿಲ್ಲ. ಹನ್ನೊಂದಕ್ಕೆ ಖಾಲಿಯಾದ ಕೋಣೆಯನ್ನು ಸರಿಯಾಗಿ ತೊಳೆದು ಒರೆಸಿ ಹಾಸಿಗೆ ಹಾಕಲು ಒಬ್ಬರಿಗೆ ಮುಕ್ಕಾಲು ಗಂಟೆಯಾದರೂ ಬೇಕು, ಒಬ್ಬೊಬ್ಬರ ಪಾಲಿಗೆ ನಾಲ್ಕೈದು ಕೋಣೆ. ಟೈಮ್‌ಶೇರ್ ರೆಸಾರ್ಟುಗಳಲ್ಲಿ (ಮೊದಲೇ ಹಣ ಕಟ್ಟಿದ ಸದಸ್ಯರಿಗೆ ವರ್ಷಕ್ಕೆ ಇಂತಿಷ್ಟು ರಾತ್ರಿ ಎಂದು ಕೋಣೆ ಕೊಡುವಂಥವು) ವಾರಾಂತ್ಯದಲ್ಲಿ ಅರ್ಧದಷ್ಟು ಕೋಣೆ ಒಂದೇ ದಿನ ಬದಲಾಗುವುದರಿಂದ ನಾಲ್ಕರವರೆಗೂ ಎಳೆಯುವುದುಂಟು. ಕಾಯುವ ಆ ಹೊತ್ತು ನಿಮ್ಮನ್ನು ಹೇಗೆ ಇಟ್ಟುಕೊಳ್ಳುತ್ತಾರೆ ಎಂಬುದನ್ನು ನೋಡಿ. ಒಳ್ಳೆಯ ಕಡೆ ಸಾಮಾನು ಇಳಿಸಿ ಚೀಟಿ ಕೊಡುತ್ತಾರೆ, ಒದ್ದೆ ಕೊಡೆ ಇಸಿದುಕೊಳ್ಳುತ್ತಾರೆ, ಒಣ ಟವಲ್ ಕೊಟ್ಟು ಮಗುವಿನ ಬಟ್ಟೆ ಬದಲಿಸಲು ಜಾಗ ತೋರಿಸುತ್ತಾರೆ, ಊಟ ಶುರುವಾಗುವ ಹೊತ್ತು ಹೇಳುತ್ತಾರೆ. ಬಣ್ಣದ ಶರಬತ್ತು ಕೊಟ್ಟು ಸೋಫಾ ತೋರಿಸಿ ಮಾಯವಾದರೆ ಮುಂದಿನ ಮೂರು ದಿನ ಹೇಗಿರುತ್ತದೆಂದು ಅಂದಾಜು ಸಿಕ್ಕಂತೆಯೇ.

ಕೋಣೆಯ ಕೀಲಿ ಸಿಕ್ಕಿದ ಮೇಲೆ ಪೆಟ್ಟಿಗೆ ಬಿಚ್ಚುವ ಮೊದಲು ಹದಿನೈದು ನಿಮಿಷ ಪರೀಕ್ಷೆಗೆ ಇಡಿ. ಬೇರೆ ಕೋಣೆ ಕೇಳುವುದಾದರೆ ಈಗಲೇ ಕೇಳಬೇಕು. ಹಾಸಿಗೆ ಮುದುರಿದ ಮೇಲೆ ಬದಲಿಸುವುದು ಅವರಿಗೂ ಕಷ್ಟ, ನಿಮಗೂ ಮುಜುಗರ.

ಬಚ್ಚಲಿಂದ ಶುರುಮಾಡಿ. ಬಿಸಿನೀರಿನ ನಲ್ಲಿ ತಿರುಗಿಸಿ ಗಡಿಯಾರ ನೋಡಿ. ಕೇಂದ್ರ ಬಾಯ್ಲರಿನಿಂದ ನೀರು ಬರುವ ಕಡೆ ಅರ್ಧ ನಿಮಿಷದೊಳಗೆ ಬಿಸಿ ಬರಬೇಕು. ಎರಡು ಮೂರು ನಿಮಿಷ ತಣ್ಣೀರೇ ಹರಿದರೆ ಬಿಸಿನೀರು ಸದಾ ಸುತ್ತುತ್ತಿರುವಂತೆ ವಾಪಸಾತಿ ಪೈಪ್ ಹಾಕಿಲ್ಲ ಎಂದು ತಿಳಿಯಬೇಕು. ಸಾಲಿನ ಕೊನೆಯ ಕಾಟೇಜುಗಳ ಗತಿ ಇದು, ಬಾಯ್ಲರಿಗೆ ಹತ್ತಿರದ ಕೋಣೆ ಕೇಳಿದರೆ ಪರಿಹಾರ.

ಕೋಣೆಯೊಳಗೇ 15 ಲೀಟರಿನ ಗೀಸರ್ ಇದ್ದು, ಮೇಲೆ ತಟ್ಟೆಯಷ್ಟಗಲದ ರೇನ್ ಶವರ್ ಹಾಕಿದ್ದರೆ ಲೆಕ್ಕ ಬೇರೆ. ಅಂಥ ಶವರ್ ನಿಮಿಷಕ್ಕೆ 12 ಲೀಟರ್ ಸುರಿಯುತ್ತದೆ. ಆಗಸ್ಟಿನ ನಲ್ಲಿನೀರು ಸುಮಾರು 18 ಡಿಗ್ರಿ, ಗೀಸರಿನದು 60 ಡಿಗ್ರಿ, ಮೈಗೆ ಹಿತವಾಗುವುದು 40. ಈ ಬೆರಕೆಯಲ್ಲಿ ನಿಮಿಷಕ್ಕೆ ಆರು ಲೀಟರಿಗೂ ಮಿಕ್ಕಿ ಬಿಸಿನೀರು ಖರ್ಚು. ಎರಡೂವರೆ ನಿಮಿಷಕ್ಕೆ ಗೀಸರ್ ಬರಿದು, ತಲೆಯಲ್ಲಿ ಶ್ಯಾಂಪೂ ನೊರೆ ಹಾಗೇ. ಮತ್ತೆ ಕಾಯಲು 20 ನಿಮಿಷ ಬೇಕು. ನಾಲ್ಕು ಜನ ಇರುವ ಕೋಣೆಗೆ 15 ಲೀಟರಿನ ಗೀಸರ್ ಇಟ್ಟವರು ಚಿತ್ರಕ್ಕೆ ಚೆಂದ ಕಾಣಲೆಂದು ಶವರ್ ಹಾಕಿದ್ದಾರೆ, ಅಷ್ಟೆ. ಬಕೆಟ್, ಮಗ್ ಕೇಳಿ ತರಿಸಿಕೊಂಡರೆ ಅದೇ ಗೀಸರಿನಲ್ಲಿ ಒಬ್ಬರ ಸ್ನಾನ ಸಲೀಸಾಗಿ ಆಗುತ್ತದೆ. ದುಬಾರಿ ರೆಸಾರ್ಟುಗಳು ಬಕೆಟ್ ಇಡಲು ಯಾಕೆ ನಾಚುತ್ತವೋ ಗೊತ್ತಿಲ್ಲ.

ನೀರಿನ ಒತ್ತಡವನ್ನೂ ಇದೇ ಹೊತ್ತಿಗೆ ನೋಡಿಬಿಡಿ. ಹತ್ತು ಮೀಟರ್ ಎತ್ತರದಲ್ಲಿ ಟ್ಯಾಂಕ್ ಇದ್ದರೆ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. ಕಾಟೇಜಿನ ಮಾಡಿನ ಮೇಲೇ ಟ್ಯಾಂಕ್ ಇಟ್ಟು, ನಡುವೆ ಪಂಪ್ ಹಾಕದಿದ್ದರೆ ಅದು 0.3 ಬಾರ್ ದಾಟದು, ರೇನ್ ಶವರಿನಿಂದ ನೂಲಿನಂತೆ ಇಳಿಯುತ್ತದೆ. ಗುಡ್ಡದ ಇಳಿಜಾರಿನಲ್ಲಿ ಕೆಳಗಿನ ಸಾಲಿನ ಕೋಣೆಗಳಿಗೆ ಒತ್ತಡ ತಾನಾಗಿಯೇ ಹೆಚ್ಚು. ಆದರೆ ಅಲ್ಲಿಗೆ ಮೆಟ್ಟಿಲೂ ಹೆಚ್ಚು, ಯಾವುದು ಬೇಕೆಂದು ಮನೆಯವರೇ ತೀರ್ಮಾನಿಸಬೇಕು.

ಈಗ ಕಪಾಟು ತೆರೆದು ಮೂಗು ಒಳಗೆ ಹಾಕಿ. ಮಡಿಕೇರಿಯ ಬಹಳಷ್ಟು ಕಾಟೇಜುಗಳಲ್ಲಿ ಎ.ಸಿ. ಇರುವುದಿಲ್ಲ, ಬೇಕಾಗಿಯೂ ಇಲ್ಲ. ಕಕ್ಕಡದಲ್ಲಿ ಬೇಕಾದದ್ದು ಡೀಹ್ಯೂಮಿಡಿಫೈಯರ್, ಗಾಳಿಯಿಂದ ತೇವ ಹೀರುವ ಯಂತ್ರ. ಕೋಣೆಯ ತೇವಾಂಶ ಶೇ. 60ಕ್ಕಿಂತ ಕೆಳಗೆ ಇಳಿದರೆ ಬೂಷ್ಟು ಬೆಳೆಯದು, ಮೇಲೇ ನಿಂತರೆ ಕಂಬಳಿ, ಪರದೆ, ಮರದ ಹಲಗೆ ಎಲ್ಲವೂ ಮುಗ್ಗಲು ವಾಸನೆ. ಯಂತ್ರ ಇಟ್ಟರಷ್ಟೇ ಸಾಲದು, ಅದರ ತೊಟ್ಟಿ ತುಂಬಿದೊಡನೆ ತಾನಾಗಿ ನಿಂತುಬಿಡುತ್ತದೆ. ದಿನಕ್ಕೆರಡು ಸಲ ಯಾರಾದರೂ ಬಂದು ನೀರು ಚೆಲ್ಲಬೇಕು. ಈ ಸೌಕರ್ಯವನ್ನು ಜಾಹೀರಾತಿನಲ್ಲಿ ಹಾಕುವವರೇ ಇಲ್ಲ. ಯಂತ್ರ ಇಲ್ಲದ ಕಡೆ ಕಪಾಟಿನಲ್ಲಿ ಸಣ್ಣ ಬಲ್ಬು ಉರಿಸಿಟ್ಟಿದ್ದರೆ, ಮೂಲೆಯಲ್ಲಿ ರೂಮ್ ಹೀಟರ್ ಇದ್ದರೆ ಅವರಿಗೂ ಮಳೆಗಾಲ ಗೊತ್ತಿದೆ ಎಂದರ್ಥ. ಜೋರು ಸುವಾಸನೆಯ ಸ್ಪ್ರೇ ಹೊಡೆದಿದ್ದರೆ ಅನುಮಾನ ಪಡಿ.

ಹಾಸಿಗೆಗೆ ಬಂದರೆ, ಬೆಡ್‌ಶೀಟಿನ ಥ್ರೆಡ್ ಕೌಂಟ್ (ಚದರ ಇಂಚಿಗೆ ಎಳೆಗಳ ಎಣಿಕೆ) 300ರ ಆಸುಪಾಸು ಇದ್ದರೆ ಧಾರಾಳವಾಯಿತು. ಸಾವಿರದ ಲೆಕ್ಕ ಹೇಳುವವರು ಹೊಸೆದ ನೂಲಿನ ಒಂದೊಂದು ಎಳೆಯನ್ನೂ ಬಿಡಿಬಿಡಿಯಾಗಿ ಎಣಿಸಿರುತ್ತಾರೆ. ಕಕ್ಕಡದಲ್ಲಿ ಕೇಳಬೇಕಾದ ಪ್ರಶ್ನೆ ಶೀಟು ಪೂರ್ತಿ ಒಣಗಿದೆಯೇ ಎಂಬುದು. ಸಾಮಾನ್ಯವಾಗಿ ಒಂದು ಹಾಸಿಗೆಗೆ ಮೂರು ಜೊತೆ ಶೀಟು ಇಟ್ಟಿರುತ್ತಾರೆ: ಒಂದು ಹಾಸಿಗೆಯ ಮೇಲೆ, ಒಂದು ಒಗೆತದಲ್ಲಿ, ಒಂದು ಕಪಾಟಿನಲ್ಲಿ. ಮಳೆಗಾಲದಲ್ಲಿ ಒಣಗುವುದು ತಡವಾಗುವುದರಿಂದ ಮೂರು ಸಾಲದು. ಐದು ಜೊತೆ ಇಟ್ಟವರು ಕೇಳಿದ ಕೂಡಲೇ ಬದಲಿಸುತ್ತಾರೆ, ಮೂರೇ ಇಟ್ಟವರು ‘ನಾಳೆ ಬೆಳಿಗ್ಗೆ ಸರ್’ ಎನ್ನುತ್ತಾರೆ. ದಿಂಬನ್ನು ಕೆನ್ನೆಗೆ ಒತ್ತಿ ನೋಡಿದರೆ ತೇವ ಅಂಗೈಗಿಂತ ಬೇಗ ಗೊತ್ತಾಗುತ್ತದೆ.

ಕೊನೆಯದಾಗಿ, ಕರೆಂಟ್ ಹೋದ ಕ್ಷಣ. ಅದಕ್ಕಾಗಿ ಕಾಯಬೇಕಾಗಿಲ್ಲ, ಸಂಜೆಯೊಳಗೆ ಒಂದು ಸಿಲ್ವರ್ ಓಕ್ ಲೈನಿನ ಮೇಲೆ ಬಿದ್ದೇ ಬೀಳುತ್ತದೆ. ತಾನಾಗಿ ಹೊತ್ತುವ ಜನರೇಟರಾದರೆ ಹದಿನೈದು ಸೆಕೆಂಡಿನಲ್ಲಿ ಬೆಳಕು ಬರಬೇಕು, ಅಷ್ಟರವರೆಗೆ ಮೆಟ್ಟಿಲ ದೀಪಗಳು ಬ್ಯಾಟರಿಯಲ್ಲಿ ಉರಿಯಬೇಕು. ಜನರೇಟರಿನ ಗುಡುಗು ಹಾಸಿಗೆಯವರೆಗೆ ಕೇಳಿಸಿದರೆ ಕೋಣೆ ಬದಲಿಸಿ. ಮಳೆಗಾಲದಲ್ಲಿ ಅದು ರಾತ್ರಿಯಿಡೀ ಓಡುವ ಸಂಭವವೇ ಹೆಚ್ಚು.

ಎರಡನೇ ದಿನ, ಆಗಸ್ಟ್ 2

ಕಾಫಿ ಬೆಳೆಯುವ ಜಿಲ್ಲೆಯಲ್ಲಿ, ಕಾಫಿ ತೋಟದ ನಡುವೆ ಕೂತು, ಪೊಟ್ಟಣ ಹರಿದು ಬಿಸಿನೀರಿಗೆ ಸುರಿದುಕೊಳ್ಳುವ ಇನ್‌ಸ್ಟಂಟ್ ಕಾಫಿ ಕುಡಿಯುವುದಕ್ಕಿಂತ ದೊಡ್ಡ ಅವಮಾನವಿಲ್ಲ. ಬಹುಪಾಲು ಕೋಣೆಗಳಲ್ಲಿ ಸಿಗುವುದು ಅದೇ. ಫಿಲ್ಟರ್ ಕಾಫಿ ಕಷ್ಟವೇನಲ್ಲ. 30 ಗ್ರಾಂ ಪುಡಿಗೆ ಸುಮಾರು 180 ಮಿ.ಲೀ. ನೀರು, ಕುದಿ ಇಳಿದ ಮೇಲೆ ಹೊಯ್ದು ಇಪ್ಪತ್ತು ನಿಮಿಷ ಬಿಟ್ಟರೆ ಎರಡು ಮೂರು ಲೋಟಕ್ಕೆ ಗಟ್ಟಿ ಡಿಕಾಕ್ಷನ್. ಕೆಡುವುದು ಎಲ್ಲಿ ಎಂದರೆ, ಆರಕ್ಕೆ ಇಳಿಸಿದ ಡಿಕಾಕ್ಷನ್ ಒಂಬತ್ತರವರೆಗೆ ಬಿಸಿತಟ್ಟೆಯ ಮೇಲೆ ಕೂತಾಗ. ಒಂದು ಗಂಟೆಯಲ್ಲೇ ಕಹಿ ಬಲಿಯುತ್ತದೆ. ಗಂಟೆಗೊಮ್ಮೆ ಹೊಸದಾಗಿ ಇಳಿಸುವ ಅಡುಗೆಮನೆಯಿದ್ದರೆ, ಆರೂವರೆಗೆ ಕೋಣೆಗೆ ಫ್ಲಾಸ್ಕಿನಲ್ಲಿ ಹಾಲು ಬೇರೆ, ಡಿಕಾಕ್ಷನ್ ಬೇರೆ ಬಂದರೆ, ಉಳಿದ ಸಣ್ಣಪುಟ್ಟ ಕೊರತೆಗಳನ್ನು ಕ್ಷಮಿಸಿಬಿಡಬಹುದು.

ತಿಂಡಿಯ ಬಫೆಯಲ್ಲಿ ಬಗೆಗಳ ಎಣಿಕೆಗೆ ಮರುಳಾಗಬೇಡಿ. ನಲವತ್ತು ತಟ್ಟೆಗಳಲ್ಲಿ ಮೂವತ್ತು ಯಾವ ಊರಿನಲ್ಲೂ ಸಿಗುವಂಥವು. ಮುಚ್ಚಳ ತೆರೆದಾಗ ಮುಖಕ್ಕೆ ಹಬೆ ಹೊಡೆಯಬೇಕು. ಬಿಸಿ ಪದಾರ್ಥ 60 ಡಿಗ್ರಿಗಿಂತ ಮೇಲೆಯೇ ಇರಬೇಕೆಂಬುದು ರುಚಿಯ ಮಾತಲ್ಲ, ಹೊಟ್ಟೆಯ ಸುರಕ್ಷತೆಯ ಮಾತು. ಇಡ್ಲಿ, ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ನೂಪುಟ್ಟುಗಳು (ಅಕ್ಕಿ ಶಾವಿಗೆ) ಬಫೆಯ ಪಾತ್ರೆಯಲ್ಲಿ ಬೇಗ ಮೇಲ್ಮೈ ಒಣಗಿ ಗಟ್ಟಿಯಾಗುತ್ತವೆ. ಸಣ್ಣ ಸಣ್ಣ ಒಬ್ಬೆ ಬೇಯಿಸಿ ತಂದಿಡುವವರು ಕೆಲಸ ಬಲ್ಲವರು. ಕೊಡಗಿನ ಹಂದಿ ಸಾರು, ಪಂದಿ ಕರಿ, ಬಫೆಯಲ್ಲಿ ಕಾಣದಿದ್ದರೆ ಇಲ್ಲವೆಂದುಕೊಳ್ಳಬೇಡಿ. ತಿನ್ನದ ಅತಿಥಿಗಳೂ ಇರುವುದರಿಂದ ಎಷ್ಟೋ ಕಡೆ ಹೊರಗಿಡುವುದಿಲ್ಲ, ಬೆಳಿಗ್ಗೆಯೇ ಹೇಳಿದರೆ ರಾತ್ರಿಗೆ ಮಾಡಿಕೊಡುತ್ತಾರೆ. ಮಸಾಲೆಯ ಬಣ್ಣ ಕಪ್ಪಿಗೆ ತಿರುಗಿ, ಹುಳಿ ನಾಲಗೆಯ ಹಿಂದೆ ನಿಂತರೆ ಕಾಚಂಪುಳಿ (ಹಣ್ಣಿನ ರಸ ಕಾಯಿಸಿ ಮಾಡುವ ಕೊಡಗಿನ ಕಪ್ಪು ಹುಳಿ) ಬಿದ್ದಿದೆ. ಕೆಂಪಗಿದ್ದು ಟೊಮೆಟೊ ವಾಸನೆ ಬಂದರೆ ಅದು ಬೇರೆ ಯಾವುದೋ ಊರಿನ ಹಂದಿ ಸಾರು. ಮಳೆಗಾಲದ ಊರಿನಲ್ಲಿ ಕಣಿಲೆ (ಎಳೆ ಬಿದಿರು), ಅಣಬೆ ಎಲೆಗೆ ಬರದಿದ್ದರೂ ಕೇಳಿ ತರಿಸಿಕೊಳ್ಳಿ.

ಹತ್ತಕ್ಕೆ ತೋಟದ ನಡಿಗೆ. ಇಂಬಳಗಳಿಗೆ, ಅಂದರೆ ನೆಲದ ಜಿಗಣೆಗಳಿಗೆ, ಇದು ಹಬ್ಬದ ಕಾಲ. ಮೊಣಕಾಲಿನವರೆಗೆ ಬರುವ ಬಟ್ಟೆಯ ಇಂಬಳದ ಕಾಲುಚೀಲ, ಅದರ ಮೇಲೆ ಗಂಬೂಟು, ಜೇಬಿನಲ್ಲಿ ಉಪ್ಪಿನ ಗಂಟು ಇದ್ದರೆ ಸಾಕು. ಕಚ್ಚಿದ್ದನ್ನು ಎಳೆದು ಕೀಳಬಾರದು, ಉಗುರಿನಿಂದ ಬಾಯಿಯ ಅಂಚನ್ನು ಪಕ್ಕಕ್ಕೆ ಸರಿಸಿ ಬಿಡಿಸಬೇಕು. ಆಮೇಲೆ ಬಹಳ ಹೊತ್ತು ರಕ್ತ ಜಿನುಗಿದರೆ ಗಾಬರಿ ಬೇಡ, ಹೆಪ್ಪುಗಟ್ಟದಂತೆ ಅದು ಸ್ರಾವ ಬಿಟ್ಟಿರುತ್ತದೆ. ಎಲ್ಲ ಅಳತೆಯ ಗಂಬೂಟುಗಳನ್ನು, ಅದರಲ್ಲೂ ಮಕ್ಕಳವನ್ನು, ಒಳಗೆ ಒಣಗಿಸಿಟ್ಟು ಕೊಡುವ ರೆಸಾರ್ಟು ಅಪರೂಪ, ಸಿಕ್ಕರೆ ಅದರ ಹೆಸರು ಬರೆದಿಟ್ಟುಕೊಳ್ಳಿ.

ಈಜುಕೊಳದ ವಿಷಯ ಚಿಕ್ಕದು. ಈ ಚಳಿಯಲ್ಲಿ ಮಾಡಿನ ಕೆಳಗಿರುವ, 28 ಡಿಗ್ರಿಗೆ ಕಾಯಿಸಿದ ಕೊಳವಾದರೆ ಮಾತ್ರ ಮಗುವನ್ನು ಇಳಿಸಿ. ತೆರೆದ ಕೊಳಕ್ಕೆ ಮಳೆನೀರು ಬಿದ್ದಷ್ಟೂ ಕ್ಲೋರಿನ್ ತೆಳುವಾಗುತ್ತದೆ. ಪಿಎಚ್ 7.2ರಿಂದ 7.8, ಕ್ಲೋರಿನ್ 1ರಿಂದ 3 ಪಿಪಿಎಂ ಎಂದು ಅಂದಿನ ತಾರೀಖು ಹಾಕಿ ಹಲಗೆಯ ಮೇಲೆ ಬರೆದಿರಬೇಕು, ತಳದ ಜಾಲರಿ ಸ್ಪಷ್ಟವಾಗಿ ಕಾಣಬೇಕು. ಕಣ್ಣು ಉರಿಸುವ ಘಾಟು ವಾಸನೆ ಕ್ಲೋರಿನ್ ಹೆಚ್ಚಾದದ್ದರಿಂದ ಬರುವುದಲ್ಲ. ಬೆವರು, ಮೂತ್ರದ ಜೊತೆ ಕ್ಲೋರಿನ್ ಕೂಡಿ ಆಗುವ ಕ್ಲೋರಮೈನಿನದು ಅದು.

ಟೈಮ್‌ಶೇರ್ ರೆಸಾರ್ಟಾದರೆ ಮಧ್ಯಾಹ್ನದ ಊಟದ ಹೊತ್ತಿಗೆ ನಗುಮುಖದವರೊಬ್ಬರು ಮೇಜಿನ ಬಳಿ ಬರುತ್ತಾರೆ. ಒಂದು ಗಂಟೆ ಅವರ ಜೊತೆ ಕೂತರೆ ಉಚಿತ ಡಿನ್ನರ್ ಕೂಪನ್. ಕೂರುವುದು ಬಿಡುವುದು ನಿಮಗೆ ಬಿಟ್ಟದ್ದು, ಅದೇ ದಿನ ಸಹಿ ಮಾತ್ರ ಹಾಕಬೇಡಿ. ‘ಈ ದರ ಇವತ್ತಿಗೆ ಮಾತ್ರ’ ಎಂಬುದು ನಾಳೆಯೂ ಇರುತ್ತದೆ. ಒಪ್ಪಂದದ ಪ್ರತಿ ಇಸಿದುಕೊಂಡು ಮೂರು ವಿಷಯ ಹುಡುಕಿ: ಹಣ ವಾಪಸ್ ಕೇಳಲು ಎಷ್ಟು ದಿನದ ಗಡುವು, ವಾರ್ಷಿಕ ಶುಲ್ಕ ಏರಿಸಲು ಮಿತಿ ಇದೆಯೇ, ಬೇಸಿಗೆ ರಜೆ, ದಸರಾ, ಕ್ರಿಸ್‌ಮಸ್ ವಾರಗಳು ನಿಮ್ಮ ಸದಸ್ಯತ್ವಕ್ಕೆ ಕೋಣೆ ಸಿಗುವ ಸೀಸನ್ನಿನೊಳಗೆ ಬರುತ್ತವೆಯೇ. ಬಾಯಲ್ಲಿ ಹೇಳಿದ್ದು ಕಾಗದದಲ್ಲಿ ಇಲ್ಲದಿದ್ದರೆ ಅದು ಹೇಳಿಯೇ ಇಲ್ಲ.

ಮೂರನೇ ದಿನ, ಆಗಸ್ಟ್ 3

ಇವತ್ತು ಕಕ್ಕಡ ಹದಿನೆಂಟು, ಆ ತಿಂಗಳ ಹದಿನೆಂಟನೇ ದಿನ. ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಗುಣ ಕೂಡುವ ದಿನವೆಂದು ಕೊಡಗಿನಲ್ಲಿ ನಂಬಿಕೆ. ಎಲೆ, ದಂಟು ಕುದಿಸಿದ ನೀರು ಗಾಢ ನೇರಳೆಗೆ ತಿರುಗುತ್ತದೆ. ಅದರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಕಾಯಿ ಹಾಕಿದರೆ ಮದ್ದು ಪಾಯಸ. ಇವತ್ತು ಬೆಳಿಗ್ಗೆ ಅದು ತಿಂಡಿಯ ಮೇಜಿನ ಮೇಲಿದ್ದು, ಬಡಿಸುವವರು ‘ನಾಳೆ ಮೂತ್ರ ಕೆಂಪಗೆ ಹೋಗುತ್ತದೆ, ಹೆದರಬೇಡಿ’ ಎಂದು ಮೊದಲೇ ಹೇಳಿದರೆ ಆ ರೆಸಾರ್ಟು ನಿಂತ ನೆಲವನ್ನು ಬಲ್ಲದು ಎಂದರ್ಥ. ಇಟಾಲಿಯನ್ ಬಾಣಸಿಗನಿಗಿಂತ ಇದು ದೊಡ್ಡ ಡಿಲಕ್ಸ್.

ಹೊರಗೆ ಸುತ್ತಲು ಈ ದಿನ. ಭಾಗಮಂಡಲ ಸುಮಾರು 40 ಕಿ.ಮೀ., ಅಲ್ಲಿಂದ 8 ಕಿ.ಮೀ. ಮೇಲೆ ತಲಕಾವೇರಿ. ಮಳೆ ಜೋರಾದರೆ ಭಾಗಮಂಡಲದಲ್ಲಿ ಸಂಗಮ ಉಕ್ಕುತ್ತದೆ, ದುಬಾರೆಯಲ್ಲಿ ಹೊಳೆ ದಾಟಿಸುವ ದೋಣಿ ನಿಲ್ಲುತ್ತದೆ. ಹತ್ತಿರದ ಅಬ್ಬಿ ಜಲಪಾತ ಒಂದೇ ಈ ಕಾಲದಲ್ಲಿ ನಿರಾಸೆ ಮಾಡದು. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತ ಗುಡ್ಡಗಳು ಕುಸಿದದ್ದು, 2020ರ ಆಗಸ್ಟಿನಲ್ಲಿ ತಲಕಾವೇರಿಯ ಬಳಿ ಬ್ರಹ್ಮಗಿರಿ ಜಾರಿದ್ದು ಇಲ್ಲಿಯವರು ಮರೆತಿಲ್ಲ. ಅತಿಥಿಗೆ ಬೇಸರವಾದೀತೆಂದು ‘ಏನೂ ಆಗಲ್ಲ, ಹೋಗಿ ಬನ್ನಿ’ ಎನ್ನುವ ರೆಸಾರ್ಟಿಗಿಂತ, ಬೆಳಿಗ್ಗೆ ಎಂಟಕ್ಕೆ ಜಿಲ್ಲಾಡಳಿತದ ಸೂಚನೆ ನೋಡಿ ‘ಇವತ್ತು ಬೇಡ, ನಾಳೆ ನೋಡೋಣ’ ಎನ್ನುವ ಟ್ರಾವೆಲ್ ಡೆಸ್ಕು ಸಾವಿರ ಪಾಲು ಮೇಲು. ಕೋಣೆಯ ಹಿಂದಿನ ಗುಡ್ಡವನ್ನು ನೇರಕ್ಕೆ ಕಡಿದು ತಡೆಗೋಡೆ ಕಟ್ಟಿದ್ದರೆ, ಗೋಡೆಯ ತೂತುಗಳಿಂದ ನೀರು ಹರಿಯುತ್ತಿದೆಯೇ ನೋಡಿ. ತೂತು ಕಟ್ಟಿಕೊಂಡು ಗೋಡೆ ಉಬ್ಬಿದ್ದರೆ ಆ ರಾತ್ರಿಯೇ ಕೋಣೆ ಬದಲಿಸಿ.

ಸಂಜೆ ಒದ್ದೆಯಾಗಿ ಬಂದವರಿಗೆ ಬೇಕಾದದ್ದು ಎರಡೇ: ಬಿಸಿನೀರು, ಬೂಟು ಬಟ್ಟೆ ಒಣಗಿಸಲು ಬೆಚ್ಚಗಿನ ಜಾಗ. ಸ್ಪಾಗೆ ಹೋಗುವುದಾದರೆ ಎಣ್ಣೆಯನ್ನು ಕಣ್ಣೆದುರೇ ಹೊಸದಾಗಿ ಸುರಿದು ಕಾಯಿಸಲು ಹೇಳಿ, ಮುಗಿದ ಮೇಲೆ ಮೈ ತೊಳೆಯಲು ಅಲ್ಲೇ ಬಿಸಿನೀರು ಇದೆಯೇ ಎಂದು ಕೇಳಿ. ಎಣ್ಣೆಮೈಯಲ್ಲಿ ಮಳೆಯ ಮೆಟ್ಟಿಲು ಇಳಿಯುವುದು ಕಾಲು ಮುರಿದುಕೊಳ್ಳುವ ದಾರಿ.

ನಾಲ್ಕನೇ ದಿನ, ಆಗಸ್ಟ್ 4

ಬಿಲ್ಲನ್ನು ಹಿಂದಿನ ರಾತ್ರಿಯೇ ಕೇಳಿ ಪಡೆದು, ಹಾಸಿಗೆಯಲ್ಲಿ ಕೂತು ಓದಿ. ಬೆಳಿಗ್ಗೆ ಹತ್ತರ ಸಾಲಿನಲ್ಲಿ ನಿಂತು ಓದಲಾಗದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ. ವರೆಗಿನ ಕೋಣೆಗೆ ಜಿಎಸ್‌ಟಿ ಶೇ. 5, ಅದನ್ನು ದಾಟಿದರೆ ಶೇ. 18. ಹಾಗಾಗಿ 7,400 ರೂ. ಕೋಣೆ 7,770ಕ್ಕೆ ಮುಗಿದರೆ 7,600 ರೂ. ಕೋಣೆ 8,968 ಆಗುತ್ತದೆ. ಇನ್ನೂರು ರೂಪಾಯಿ ಇಳಿಸಿಕೊಡಿ ಎಂದು ಬುಕಿಂಗ್ ವೇಳೆ ಕೇಳುವುದಕ್ಕೆ ಇದಕ್ಕಿಂತ ಕಾರಣ ಬೇಕಿಲ್ಲ. ಊಟದ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ತಾನಾಗಿ ಸೇರಿದ್ದರೆ ತೆಗೆಸಬಹುದು. ಹಾಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು, ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಉಳಿದ ಹಣದಲ್ಲಿ ಡೀಹ್ಯೂಮಿಡಿಫೈಯರಿನ ತೊಟ್ಟಿ ಖಾಲಿ ಮಾಡಿದವರಿಗೆ, ಶೀಟು ಬದಲಿಸಿದವರಿಗೆ ಕೈಗೇ ಕೊಡಿ. ಊಟದ ಹಾಲಿನ ಟಿಪ್ಸ್ ಡಬ್ಬ ಅವರವರೆಗೆ ಹೋಗುವುದು ಕಡಿಮೆ.

ಟೈಮ್‌ಶೇರ್ ಸದಸ್ಯರ ಬಿಲ್ಲು ಸಣ್ಣದಾಗಿ ಕಾಣುತ್ತದೆ, ಕೋಣೆ ಬಾಡಿಗೆಯೇ ಅದರಲ್ಲಿ ಇರುವುದಿಲ್ಲವಲ್ಲ. ಪೂರ್ತಿ ಲೆಕ್ಕ ಹಾಕಿ ನೋಡಬೇಕು. ಉದಾಹರಣೆಗೆ 4 ಲಕ್ಷ ಕೊಟ್ಟು 25 ವರ್ಷಕ್ಕೆ, ವರ್ಷಕ್ಕೆ 7 ರಾತ್ರಿಯ ಸದಸ್ಯತ್ವ. ವಾರ್ಷಿಕ ಶುಲ್ಕ 20,000, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 23,600. ಸುಮ್ಮನೆ ಭಾಗಿಸಿದರೆ ರಾತ್ರಿಗೆ 5,657 ರೂ. ಬರುತ್ತದೆ, ಮಾರುವವರು ತೋರಿಸುವುದು ಇದಕ್ಕಿಂತಲೂ ಕಡಿಮೆ. ಆದರೆ ಅದೇ 4 ಲಕ್ಷಕ್ಕೆ ಶೇ. 7ರ ಬಡ್ಡಿ ಹಿಡಿದು 25 ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 34,300 ಆಗುತ್ತದೆ. ಶುಲ್ಕ ಸೇರಿ ರಾತ್ರಿಗೆ ಹತ್ತಿರ ಹತ್ತಿರ 8,275 ರೂ., ಊಟ ಬೇರೆ. ಏಳರಲ್ಲಿ ಐದೇ ರಾತ್ರಿ ಬಳಸಿ ಉಳಿದದ್ದು ಕಳೆದುಹೋದ ವರ್ಷ ಅದು 11,500 ದಾಟುತ್ತದೆ. ಆ ದುಡ್ಡಿಗೆ ಆಗಸ್ಟಿನಲ್ಲಿ ಮಡಿಕೇರಿಯಲ್ಲಿ ಬೇಕಾದ ಕೋಣೆಯನ್ನು ಆರಿಸಿಕೊಳ್ಳಬಹುದು. ಪ್ರತಿ ವರ್ಷ ಏಪ್ರಿಲ್, ಮೇ ರಜೆಯಲ್ಲಿ ಏಳೂ ರಾತ್ರಿ ತಪ್ಪದೆ ಹೋಗುವ, ಅಡುಗೆಮನೆ ಇರುವ ಎರಡು ಬೆಡ್‌ರೂಮಿನ ಮನೆ ಬೇಕಾದ ಕುಟುಂಬಕ್ಕೆ ಲೆಕ್ಕ ಉಲ್ಟಾ ಆಗುವುದೂ ಉಂಟು.

ಹನ್ನೊಂದರೊಳಗೆ ಕೋಣೆ ಬಿಡುವಾಗ ಒದ್ದೆ ಬಟ್ಟೆಗೆ ದೊಡ್ಡ ಪ್ಲಾಸ್ಟಿಕ್ ಚೀಲ ಕೇಳಿ. ಡೀಹ್ಯೂಮಿಡಿಫೈಯರಿನ ಪಕ್ಕ ಒಣಗಲು ಇಟ್ಟ ಬೂಟು, ಕಪಾಟಿನ ಬಲ್ಬಿನ ಬಳಿ ನೇತುಹಾಕಿದ ಸ್ವೆಟರು ಅತಿಥಿಗಳು ಹೆಚ್ಚಾಗಿ ಮರೆಯುವ ವಸ್ತುಗಳು. ಸುಂಟಿಕೊಪ್ಪದ ಇಳಿಜಾರಿನಲ್ಲಿ ಎರಡನೇ, ಮೂರನೇ ಗೇರಿನಲ್ಲೇ ಇಳಿಯಿರಿ. ಒದ್ದೆ ರಸ್ತೆಯಲ್ಲಿ ಬ್ರೇಕನ್ನೇ ನಂಬಿ ಬಂದವರ ಕಾರುಗಳು ತಿರುವಿನ ಚರಂಡಿಯಲ್ಲಿ ಕಾಣಸಿಗುತ್ತವೆ. ಊಟಕ್ಕೆ ಹುಣಸೂರು ಸರಿಯಾದ ಹೊತ್ತಿಗೆ ಸಿಗುತ್ತದೆ.